ರಷ್ಯಾದ ಲಪ್ಶೆವ್ನಿಕ್ ಎಂಬ ನೂಡಲ್ಸ್ ತಿನಿಸು ಮನೆಯಲ್ಲಿ ಮಾಡಿದರೆ ಕುಸಿಯುತ್ತದೆ. ಮೊಟ್ಟೆ ಹೆಚ್ಚಿಸಬೇಕೇ, ಮೈದಾ ಸೇರಿಸಬೇಕೇ, ಪನೀರ್ ಹಾಕಬೇಕೇ?

ನೀವು ವರ್ಣಿಸಿರುವ ತಟ್ಟೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿರುತ್ತದೆ, ಪರಿಮಳವೂ ಬರುತ್ತಿರುತ್ತದೆ, ಆದರೆ ಚಾಕು ಇಳಿಸಿದ ಕೂಡಲೇ ಒಳಗಿನ ಲಪ್ಶಾ, ಎಂದರೆ ನೂಡಲ್ಸ್, ಎಳೆಎಳೆಯಾಗಿ ಜಾರಿ, ತಳದಲ್ಲಿ ತೆಳ್ಳನೆಯ ಹಳದಿ ನೀರು ಕಾಣಿಸಿಕೊಳ್ಳುತ್ತದೆ. 2013ರ ಜನವರಿ 25ರಂದು ರಷ್ಯಾದ ವೊರೊನೆಝ್ ನಗರದ ಒಂದು ಅಡುಗೆಮನೆಯಲ್ಲಿ, ಎಂಟು ಮಂದಿ ಸಹಪಾಠಿಗಳು ಮೇಜಿನ ಸುತ್ತ ಕುಳಿತು ನೋಡುತ್ತಿರುವಾಗ, ನನ್ನ ಕೈಯಲ್ಲಿ ಆದದ್ದೂ ಇದೇ.

ನಾನು ಧಾರವಾಡದವಳು, ವೈದ್ಯಕೀಯ ಓದಲು ಅಲ್ಲಿಗೆ ಹೋಗಿದ್ದೆ. ಮೊದಲ ವರ್ಷವನ್ನು ವಿದ್ಯಾರ್ಥಿನಿಲಯದಲ್ಲಿ ಕಳೆದು, ಎರಡನೆಯ ವರ್ಷ ಒಬ್ಬ ಹಿರಿಯ ಹೆಂಗಸಿನ ಮನೆಯಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದೆ. ಅವರು ಶಿಶುವಿಹಾರವೊಂದರ ಅಡುಗೆಯವರಾಗಿದ್ದು ನಿವೃತ್ತರಾದವರು. ಲಪ್ಶೆವ್ನಿಕ್ ಎಂದೊಡನೆ ರಷ್ಯಾದ ಬಹಳಷ್ಟು ಜನರಿಗೆ ನೆನಪಾಗುವುದು ಶಿಶುವಿಹಾರದ ಮತ್ತು ಕಾರ್ಖಾನೆ ಕ್ಯಾಂಟೀನುಗಳ ಮೇಜೇ. ಲಪ್ಶಾ ಎಂದರೆ ಗೋಧಿ ಹಿಟ್ಟಿನ ಚಪ್ಪಟೆ ಎಳೆ, ಅದರಿಂದ ಆದದ್ದು ಲಪ್ಶೆವ್ನಿಕ್. ಹಾಗೆಯೇ ಮಕರೋನಿಯಿಂದ ಮಾಡಿದರೆ ಮಕರೋನ್ನಿಕ್, ಅಲ್ಲಿನ ಗ್ರೇಚ್ಕಾ ಎಂಬ ಬಕ್‌ವೀಟ್ ಧಾನ್ಯದಿಂದ ಮಾಡಿದರೆ ಕ್ರುಪೆನಿಕ್. ಇವೆಲ್ಲವೂ ಬೇಯಿಸಿದ ಧಾನ್ಯವನ್ನೋ ಎಳೆಯನ್ನೋ ಮೊಟ್ಟೆಯೊಂದಿಗೆ, ಲಪ್ಶೆವ್ನಿಕ್ ಮತ್ತು ಕ್ರುಪೆನಿಕ್ ಆದರೆ ತ್ವೋರಗ್ ಎಂಬ ಮೊಸರಿನ ಮೆತ್ತನೆಯ ಚೀಸನ್ನೂ ಸೇರಿಸಿ ಕಲಸಿ, ಓವನ್ನಿನಲ್ಲಿ ಸುಟ್ಟು, ಚೌಕವಾಗಿ ಕತ್ತರಿಸಿ ಬಡಿಸುವ ತಿನಿಸುಗಳು. ಚೌಕವಾಗಿ ಎನ್ನುವ ಮಾತನ್ನು ಗಮನಿಸಿ. ಕತ್ತರಿಸಿದ ತುಂಡು ತನ್ನ ಅಂಚು ಬಿಡದೆ ನಿಲ್ಲಬೇಕು, ಇಲ್ಲದಿದ್ದರೆ ಅದಕ್ಕೆ ಆ ಹೆಸರು ಸಲ್ಲದು.

ಜನವರಿ 25 ಅಲ್ಲಿ ತತ್ಯಾನಾ ದಿನ, ವಿದ್ಯಾರ್ಥಿಗಳ ಹಬ್ಬ. ಚಳಿಗಾಲದ ಪರೀಕ್ಷೆಗಳು ಮುಗಿದಿದ್ದವು, ಮನೆಯೊಡತಿ ತಂಗಿಯ ಊರಿಗೆ ಹೋಗಿದ್ದರು. ನಮ್ಮ ತರಗತಿಯ ರಷ್ಯನ್ ಹುಡುಗಿಯರಿಗೆ ಅವರದೇ ಬಾಲ್ಯದ ತಿನಿಸನ್ನು ನಾನೇ ಮಾಡಿ ಬಡಿಸಬೇಕೆಂದು ಆಸೆಪಟ್ಟು, ಒಂದು ಕಿಲೋ ತ್ವೋರಗ್ ಮತ್ತು ಹತ್ತು ಮೊಟ್ಟೆ ತಂದಿದ್ದೆ. ಲಪ್ಶಾ ಬೇಯಿಸುವುದರಲ್ಲಿ ಮಾತ್ರ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ. ಏಕೆಂದರೆ ನಾನು ಶಾವಿಗೆಯ ಸೀಮೆಯಿಂದ ಹೋದವಳು. ನಮ್ಮಲ್ಲಿ ಬೇಸಿಗೆ ಬಂತೆಂದರೆ ಅಂಗಳದಲ್ಲಿ ಗೋಧಿ ಶಾವಿಗೆ ಹೊಸೆದು ಒಣಹಾಕುತ್ತಾರೆ. ಹಬ್ಬದ ದಿನ ಅದನ್ನು ಕುದಿಯುವ ಧಾರಾಳ ನೀರಿಗೆ ಹಾಕಿ, ಬೆಂದ ಕೂಡಲೇ ಬಸಿದು, ಹಾಲು ಬೆಲ್ಲ ತುಪ್ಪದೊಂದಿಗೆ ಉಣ್ಣುತ್ತಾರೆ. ಶಾವಿಗೆ ಉಪ್ಪಿಟ್ಟಾದರೆ ಬಸಿದ ಮೇಲೆ ತಣ್ಣೀರನ್ನೂ ಹೊಯ್ಯುತ್ತಾರೆ. ಎಳೆಗೆ ಎಳೆ ಅಂಟಬಾರದು, ಉದುರು ಉದುರಾಗಿ ಬರಬೇಕು ಎಂದು ಅವ್ವ ನನಗೆ ಚಿಕ್ಕಂದಿನಿಂದಲೇ ಕಲಿಸಿದ್ದಳು.

ಅದನ್ನೇ ನಾನು ವೊರೊನೆಝ್‌ನಲ್ಲಿಯೂ ಮಾಡಿದೆ. ದೊಡ್ಡ ಪಾತ್ರೆಯ ತುಂಬ ನೀರು ಕುದಿಸಿ, ಲಪ್ಶಾ ಬೇಯಿಸಿ, ಜರಡಿಗೆ ಬಸಿದು, ನಲ್ಲಿಯ ಹಿಮದಂಥ ನೀರನ್ನು ಅದರ ಮೇಲೆ ಚೆನ್ನಾಗಿ ಹರಿಸಿದೆ. ಎಳೆಗಳು ರೇಷ್ಮೆಯ ಹಾಗೆ ಬಿಡಿಬಿಡಿಯಾಗಿ ಹೊಳೆಯುತ್ತಿದ್ದವು. ಸಂಜೆ ಅದನ್ನು ಸುಟ್ಟ ಬೀಡಿನ ಬಾಣಲೆಯಿಂದ ಬಡಿಸಿದಾಗ ಒಂದು ತುಂಡೂ ತುಂಡಾಗಿ ಉಳಿಯಲಿಲ್ಲ. ಗೆಳತಿಯರು ಚಮಚ ಕೇಳಿ ತೆಗೆದುಕೊಂಡು, ಮೇಲೆ ಸ್ಮೆತಾನಾ ಎಂಬ ಹುಳಿ ಕೆನೆ ಸುರಿದುಕೊಂಡು, ಏನೂ ಹೇಳದೆ ತಿಂದು ಮುಗಿಸಿದರು. ಅವರ ಆ ಸೌಜನ್ಯ ನನಗೆ ಬಹಳ ದಿನ ನೋವಾಗಿ ಉಳಿಯಿತು.

ಮುಂದಿನ ಒಂದು ತಿಂಗಳು ನಾನು ಮಾಡಿದ್ದನ್ನೇ ಈಗ ನೀವು ಮಾಡಲು ಹೊರಟಿದ್ದೀರಿ. ಮೊದಲು ಮೊಟ್ಟೆಯನ್ನು ಎರಡರಿಂದ ಐದಕ್ಕೆ ಏರಿಸಿದೆ. ತುಂಡು ನಿಂತಿತು, ಆದರೆ ಅದು ರಬ್ಬರಿನಂತಾಗಿ, ಮೊಟ್ಟೆಯ ದಪ್ಪ ದೋಸೆಯೊಳಗೆ ಅಲ್ಲಲ್ಲಿ ಶಾವಿಗೆ ಸಿಕ್ಕಿಕೊಂಡಂತೆ ಇತ್ತು. ಆಮೇಲೆ ಮೈದಾ ಸೇರಿಸಿದೆ, ನಡುಭಾಗ ಹಸಿ ಹಿಟ್ಟಿನ ವಾಸನೆ ಹೊಡೆಯಿತು. ರವೆಯಿಂದ ಸ್ವಲ್ಪ ಮಟ್ಟಿಗೆ ಹದ ಬಂದಿತಾದರೂ ಲಪ್ಶಾದ ರುಚಿ ಹೋಗಿ ರವೆಯ ರುಚಿ ಉಳಿಯಿತು. ಆದ್ದರಿಂದ ಇವುಗಳಲ್ಲಿ ಯಾವುದನ್ನು ಸೇರಿಸಲಿ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಯಾವುದನ್ನೂ ಬೇಡ ಎಂಬುದೇ. ನಿಮ್ಮ ಲಪ್ಶೆವ್ನಿಕ್‌ಗೆ ಏನೂ ಕಡಿಮೆಯಾಗಿಲ್ಲ. ಅದರಲ್ಲಿ ಇದ್ದದ್ದನ್ನು ನೀವೇ ಬಚ್ಚಲಿಗೆ ಬಸಿದಿದ್ದೀರಿ.

ಫೆಬ್ರವರಿಯ ಕೊನೆಯ ಒಂದು ಭಾನುವಾರ ನಾನು ಬೆಂದ ಲಪ್ಶಾದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಸಿಂಕಿನ ಕಡೆ ತಿರುಗಿದೆ. ಮೇಜಿನ ಬಳಿ ಕುಳಿತು ಆಲೂಗಡ್ಡೆ ಸುಲಿಯುತ್ತಿದ್ದ ಮನೆಯೊಡತಿ ಎದ್ದು ಬಂದು ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟರು. ಅವರ ಬೆರಳುಗಳಿಗೆ ಆಲೂಗಡ್ಡೆಯ ಬಿಳಿ ಗಂಜಿ ಹತ್ತಿ ಒಣಗಿತ್ತು. "ದೋಚ್ಕಾ," ಎಂದರು, ಎಂದರೆ ಮಗಳೇ ಎಂದು, "ಸಾರಿಗಾದರೆ ತೊಳೆ, ಇದಕ್ಕೆ ತೊಳೆಯಬೇಡ." ಆಮೇಲೆ ಹೆಬ್ಬೆರಳು ತೋರುಬೆರಳನ್ನು ನೀರಿನಲ್ಲಿ ಅದ್ದಿ, ಒತ್ತಿ, ನಿಧಾನವಾಗಿ ಬಿಡಿಸಿ ತೋರಿಸಿದರು. ನಡುವೆ ಅಂಟು ಎಳೆಯಿತು.

ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿಯದಿದ್ದರೆ ಕೈ ಮತ್ತೆ ಅಭ್ಯಾಸಬಲದಿಂದ ನಲ್ಲಿಯ ಕಡೆಗೇ ಹೋಗುತ್ತದೆ. ಗೋಧಿ ಹಿಟ್ಟಿನ ಎಳೆ ಬಿಸಿನೀರಿನಲ್ಲಿ ಬೇಯುವಾಗ ಅದರೊಳಗಿನ ಪಿಷ್ಟದ ಕಣಗಳು ಊದಿಕೊಳ್ಳುತ್ತವೆ, ಅವುಗಳ ಒಂದು ಭಾಗ ಎಳೆಯಿಂದ ಹೊರಬಂದು ನೀರಿಗೆ ಸೇರುತ್ತದೆ. ಬಟ್ಟೆಗೆ ಹಾಕುವ ಗಂಜಿಯೂ ಇಂಥದೇ. ನೀರು ಧಾರಾಳವಾಗಿದ್ದರೆ ಆ ಗಂಜಿ ತೆಳುವಾಗಿ, ಬಸಿದಾಗ ನೀರಿನೊಡನೆ ಹೊರಟುಹೋಗುತ್ತದೆ. ಉಳಿದ ಅಲ್ಪಸ್ವಲ್ಪವನ್ನು ತಣ್ಣೀರು ತೊಳೆದುಬಿಡುತ್ತದೆ. ನೀರು ಕಡಿಮೆಯಿದ್ದು ಪೂರ್ತಿ ಇಂಗಿದರೆ ಅದೇ ಗಂಜಿ ಪ್ರತಿಯೊಂದು ಎಳೆಯ ಮೈಗೂ ಲೇಪವಾಗಿ ಉಳಿಯುತ್ತದೆ, ಆರುತ್ತ ಆರುತ್ತ ಗಟ್ಟಿಯಾಗಿ ಎಳೆಗಳನ್ನು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ನೀರು ಎರಡು ಬಗೆಯ ಲಪ್ಶಾದಲ್ಲಿಯೂ ಇರುತ್ತದೆ. ಇಂಗಿಸಿದ್ದರಲ್ಲಿ ಅದು ಪಿಷ್ಟದೊಳಗೆ ಕಟ್ಟಿಕೊಂಡಿರುತ್ತದೆ, ತೊಳೆದದ್ದರಲ್ಲಿ ಎಳೆಯ ಮೈಮೇಲೆ ಸಡಿಲವಾಗಿ ಅಂಟಿಕೊಂಡಿದ್ದು, ಓವನ್ನಿನ ಕಾವಿಗೆ ಇಳಿದು ತಳ ಸೇರುತ್ತದೆ. ನೀವು ಕಂಡ ಹಳದಿ ನೀರಿಗೆ ಮುಖ್ಯ ಕಾರಣ ಇದೇ. ಮೊಟ್ಟೆಯೂ ಆ ನೀರಿನಲ್ಲಿ ತೆಳುವಾಗಿ, ಎಳೆಗಳನ್ನು ಕೂಡಿಸುವ ಬದಲು ತಾನೇ ಬೇರೆಯಾಗಿ ಹೆಪ್ಪುಗಟ್ಟುತ್ತದೆ.

ಸೋವಿಯತ್ ಕಾಲದ ಕ್ಯಾಂಟೀನ್ ಅಡುಗೆಯಲ್ಲಿ ಇವು ಎರಡು ಬೇರೆ ವಿಧಾನಗಳೇ ಆಗಿದ್ದವು. ಪಲ್ಯಕ್ಕೋ ಮಾಂಸಕ್ಕೋ ಜೊತೆಯಾಗಿ ಬಡಿಸುವ ಮಕರೋನಿಯನ್ನು ಕಿಲೋಗೆ 5ರಿಂದ 6 ಲೀಟರ್ ನೀರಿನಲ್ಲಿ ಬೇಯಿಸಿ ಬಸಿಯುತ್ತಿದ್ದರು. ಸುಡುವ ತಿನಿಸುಗಳಿಗೆ ಕಿಲೋಗೆ 2.2ರಿಂದ 3 ಲೀಟರ್ ನೀರು ಮಾತ್ರ ಹಾಕಿ, ಬಸಿಯದೆ, ಪೂರ್ತಿ ಇಂಗಿಸುತ್ತಿದ್ದರು. ಗಂಜಿ ಬಸಿದ ಅನ್ನಕ್ಕೂ ನೀರು ಇಂಗಿಸಿದ ಅನ್ನಕ್ಕೂ ಇರುವ ವ್ಯತ್ಯಾಸ ಗೊತ್ತಿರುವ ನಮಗೆ ಇದು ಹೊಸದಾಗಿ ಕಲಿಯಬೇಕಾದ ವಿದ್ಯೆಯೇನೂ ಅಲ್ಲ. ಶಾವಿಗೆಯಲ್ಲಿ ನಾವು ದೋಷವೆಂದು ಎಣಿಸುವ ಮುದ್ದೆತನವೇ ಇಲ್ಲಿ ಬೇಕಾದ ಗುಣ ಎಂದು ಒಪ್ಪಿಕೊಳ್ಳುವುದೇ ನನಗೆ ಕಷ್ಟವಾಯಿತು.

ಇನ್ನು ಪನೀರ್ ವಿಚಾರ. ದಯವಿಟ್ಟು ಬೇಡ. ಪನೀರಿಗೆ ಕುದಿಬಂದ ಹಾಲಿಗೆ ಹುಳಿ ಹಿಂಡುತ್ತೇವೆ, ಆದ್ದರಿಂದ ಅದು ಬಿಗಿಯಾಗಿ, ತುರಿದು ಹಾಕಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. ತ್ವೋರಗ್ ಹುಟ್ಟುವುದು ಹೆಪ್ಪಾದ ಹಾಲಿನಿಂದ. ಮೊದಲು ಹಾಲು ಮೊಸರಾಗಬೇಕು, ಆಮೇಲೆ ಅದನ್ನು ಮೆಲ್ಲಗೆ ಬಿಸಿಮಾಡಿದಾಗ ಹಾಲೊಡಕು ಬೇರೆಯಾಗುತ್ತದೆ. 2 ಲೀಟರ್ ಗಟ್ಟಿ ಹಾಲಿನ ಮೊಸರನ್ನು ಕದಡದೆ ಪಾತ್ರೆಯ ಸಮೇತ ಬಿಸಿನೀರಿನಲ್ಲಿ ಇಟ್ಟು, ಬೆರಳು ತಡೆಯಲಾರದಷ್ಟು ಬಿಸಿಯಾದಾಗ ತೆಗೆದು, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ನಾಲ್ಕೈದು ಗಂಟೆ ತೂಗುಹಾಕಿ. ಶ್ರೀಖಂಡಕ್ಕೆ ಮೊಸರು ಕಟ್ಟುವ ಮನೆಯವರಿಗೆ ಇದು ಸುಲಭ. ಸುಮಾರು 400 ಗ್ರಾಂ ಸಿಗುತ್ತದೆ. ಬಟ್ಟೆಯನ್ನು ಹಿಂಡಿದರೆ ಹನಿ ಬೀಳಬಾರದು, ಆದರೆ ಬೆರಳಲ್ಲಿ ಒತ್ತಿದರೆ ಮೆತ್ತಗೆ ಹರಡಬೇಕು. ಅದನ್ನು ಜರಡಿಯಲ್ಲಿ ಒತ್ತಿ ಉಜ್ಜಿ ನುಣ್ಣಗೆ ಮಾಡಿಕೊಳ್ಳಿ.

ಎಳೆಗೆ ಅಂಗಡಿಯ ಹುರಿದ ಶಾವಿಗೆಯನ್ನು ಬಳಸಬೇಡಿ. ಹುರಿಯುವ ಉದ್ದೇಶವೇ ಅದು ಅಂಟದಿರಲಿ ಎಂಬುದು. ಪೊಟ್ಟಣದ ದಿಢೀರ್ ನೂಡಲ್ಸ್ ಸಾಮಾನ್ಯವಾಗಿ ಎಣ್ಣೆಯಲ್ಲಿ ಕರಿದದ್ದು, ಅದೂ ಬೇಡ. ಕೈಯಲ್ಲೇ ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು: 200 ಗ್ರಾಂ ಮೈದಾ, 2 ಮೊಟ್ಟೆ, ಚಿಟಿಕೆ ಉಪ್ಪು ಸೇರಿಸಿ ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಮುಚ್ಚಿಟ್ಟು, ಹೋಳಿಗೆಗಿಂತ ತೆಳ್ಳಗೆ ಲಟ್ಟಿಸಿ, ಬಟ್ಟೆಯ ಮೇಲೆ ಸ್ವಲ್ಪ ಆರಿಸಿ, ಸುರುಳಿ ಸುತ್ತಿ ಅರ್ಧ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಒಣಗಿಸಿ.

ಒಣಗಿದ 250 ಗ್ರಾಂ ಲಪ್ಶಾಗೆ 650 ಮಿಲಿಲೀಟರ್ ಉಪ್ಪು ಹಾಕಿದ ನೀರು ಕುದಿಸಿ, ಎಳೆಗಳನ್ನು ಉದುರಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಗಟ್ಟಿಯಾಗುತ್ತ ಬಂದಾಗ ಉರಿ ಕುಗ್ಗಿಸಿ ಮುಚ್ಚಿಡಿ. ನೀರು ಕಾಣದಂತಾದಾಗ ಇಳಿಸಿ 30 ಗ್ರಾಂ ಬೆಣ್ಣೆ ಬೆರೆಸಿ. ಈಗಲೇ ಮೊಟ್ಟೆ ಹಾಕಬೇಡಿ, ಬಿಸಿಗೆ ಅದು ಕೂಡಲೇ ಗಂಟಾಗುತ್ತದೆ. ಪಾತ್ರೆಯ ಮೈಯನ್ನು ಅಂಗೈ ತಡೆದುಕೊಳ್ಳುವಷ್ಟು ಆರಿದ ಮೇಲೆ ತ್ವೋರಗ್, 50 ಗ್ರಾಂ ಸಕ್ಕರೆಯೊಂದಿಗೆ ಕಡೆದ 2 ಮೊಟ್ಟೆ ಸೇರಿಸಿ ಕಲಸಿ. ಎರಡೇ ಸಾಕು. ಬೆಣ್ಣೆ ಸವರಿ ಒಣ ರಸ್ಕಿನ ಪುಡಿ ಉದುರಿಸಿದ ಟ್ರೇಗೆ ಮೂರು ನಾಲ್ಕು ಸೆಂಟಿಮೀಟರ್ ಎತ್ತರಕ್ಕೆ ತುಂಬಿ, ಮೇಲೆ ಸ್ಮೆತಾನಾ ಸವರಿ. ಇಲ್ಲಿ ಸ್ಮೆತಾನಾಗೆ ನಾನು ಕಟ್ಟಿದ ಮೊಸರಿಗೆ ಸಮಪಾಲು ಕೆನೆ ಬೆರೆಸುತ್ತೇನೆ. 190 ಡಿಗ್ರಿಯಲ್ಲಿ 35 ನಿಮಿಷಕ್ಕೆ ಮೇಲ್ಭಾಗ ಕೆಂಪಗಾಗುತ್ತದೆ.

ಹೊರತೆಗೆದ ಕೂಡಲೇ ಚಾಕು ಮುಟ್ಟಬೇಡಿ, ಕನಿಷ್ಠ ಕಾಲು ಗಂಟೆ ಹಾಗೇ ಬಿಡಿ. ವೊರೊನೆಝ್‌ನಲ್ಲಿ ಆ ಭಾನುವಾರ ಮನೆಯೊಡತಿ ಬಾಣಲೆಯನ್ನು ಕಿಟಕಿಯ ಪಕ್ಕದ ಹಲಗೆಯ ಮೇಲಿಟ್ಟು ಬಟ್ಟೆ ಹೊದಿಸಿದರು, ಚಹಾ ಕಾಯಿಸಿದರು, ನಾನು ಎರಡು ಸಲ ಎದ್ದುಹೋದಾಗಲೂ ಕೂರಿಸಿದರು. ಕೊನೆಗೆ ಚಾಕುವನ್ನು ನನ್ನ ಕೈಗೇ ಕೊಟ್ಟರು. ಕತ್ತರಿಸಿದ ಬದಿಯಲ್ಲಿ ಎಳೆಗಳ ತುದಿಗಳು ಸಣ್ಣ ಸಣ್ಣ ಚೌಕಗಳಾಗಿ, ಒಂದರ ಮೇಲೊಂದು ಒತ್ತಿಕೊಂಡು, ನಡುನಡುವೆ ತ್ವೋರಗಿನ ಬಿಳಿ ಗೆರೆಗಳೊಂದಿಗೆ ಕಾಣಿಸಿದವು. ಅಂಚು ಸುಟ್ಟು ಗರಿಗರಿಯಾಗಿದ್ದ ಮೊದಲ ತುಂಡನ್ನು ಅವರು ನನ್ನ ತಟ್ಟೆಗೆ ಹಾಕಿದರು. ಉಳಿದದ್ದನ್ನು ಮರುದಿನ ಬೆಳಿಗ್ಗೆ ದಪ್ಪ ಹೋಳುಗಳಾಗಿ ಕತ್ತರಿಸಿ ಬೆಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಹುರಿದುಕೊಂಡು ತಿಂದೆವು. ನೀವೂ ಸ್ವಲ್ಪ ಉಳಿಸಿಕೊಳ್ಳಿ, ಹಾಗೆ ಹುರಿದದ್ದು ನನಗೆ ಮೊದಲ ದಿನದ್ದಕ್ಕಿಂತಲೂ ಹೆಚ್ಚು ಇಷ್ಟ.