ಆಪ್ತಸಲಹೆ ಪ್ರಕರಣ: ಎಲ್ಲವನ್ನೂ ಓದಿದ್ದಾರೆ, ಅಂಕ ಮಾತ್ರ ಬರುತ್ತಿಲ್ಲ

(ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದೆ.)

ಅಭ್ಯರ್ಥಿ ಇಪ್ಪತ್ತಾರರ ಹೆಣ್ಣುಮಗಳು, ಕಲ್ಯಾಣ ಕರ್ನಾಟಕದ ಕಡೆಯವರು. ಬೆಂಗಳೂರಿನ ವಿಜಯನಗರದ ಪಿಜಿಯೊಂದರಲ್ಲಿದ್ದುಕೊಂಡು ಕೆಎಎಸ್ ಪ್ರಿಲಿಮ್ಸ್‌ಗೆ (ರಾಜ್ಯ ಆಡಳಿತ ಸೇವೆಯ ಪೂರ್ವಭಾವಿ ಪರೀಕ್ಷೆ) ಓದುತ್ತಿದ್ದಾರೆ. ಹಗಲೆಲ್ಲ ಹಂಪಿನಗರದ ಗ್ರಂಥಾಲಯ, ರಾತ್ರಿ ಎರಡರವರೆಗೆ ಮೊಬೈಲ್. ಟೆಸ್ಟ್ ಸೀರೀಸ್‌ನಲ್ಲಿ ಇತಿಹಾಸ, ಸಂವಿಧಾನ ಪರವಾಗಿಲ್ಲ. ಪ್ರಚಲಿತ ವಿದ್ಯಮಾನ ಬಂದ ಕೂಡಲೇ ಅಂಕ ಕುಸಿಯುತ್ತದೆ. ಕೋಚಿಂಗ್‌ನವರು ಇನ್ನೂ ಓದು ಎಂದರು, ಈಕೆ ಇನ್ನೂ ಓದಿದರು, ಅಂಕ ಇನ್ನೂ ಇಳಿಯಿತು. ನಮ್ಮಲ್ಲಿಗೆ ಬಂದಾಗ ನಿದ್ದೆ ಕೆಟ್ಟಿತ್ತು. ಊರಿನಿಂದ ಫೋನ್ ಬಂದರೆ ಎತ್ತುವುದನ್ನೂ ಬಿಟ್ಟಿದ್ದರು. "ಎಲ್ಲಾ ಓದೀನ್ರಿ ಮೇಡಂ. ಎರಡು ಆಪ್ಷನ್ ಉಳಿದ್ವು ಅಂದ್ರ ಕೈ ನಡಗ್ತದ, ಬಿಟ್ಟ್ ಬಿಡ್ತೀನಿ" ಎಂಬುದು ಅವರ ಮಾತು.

ಏನೇನು ಓದುತ್ತೀರಿ ಎಂದು ಪಟ್ಟಿ ಮಾಡಿಸಿದೆವು. ಎರಡು ದಿನಪತ್ರಿಕೆ, ಮೂರು ಮಾಸಪತ್ರಿಕೆ, ನಾಲ್ಕು ಟೆಲಿಗ್ರಾಂ ಚಾನೆಲ್, ದಿನಕ್ಕೆ ಒಂದೂವರೆ ಗಂಟೆ ಯೂಟ್ಯೂಬ್ ವಿಶ್ಲೇಷಣೆ. ಒಟ್ಟು ದಿನಕ್ಕೆ ಐದು ಗಂಟೆ ಬರೀ ಸುದ್ದಿಗೇ ಹೋಗುತ್ತಿತ್ತು. ಹನ್ನೊಂದು ನೋಟ್‌ಬುಕ್ ತುಂಬಿದ್ದವು. ಅವುಗಳಲ್ಲಿ ಎಷ್ಟನ್ನು ಮತ್ತೆ ತೆರೆದು ನೋಡಿದ್ದೀರಿ ಎಂದರೆ ಉತ್ತರವಿಲ್ಲ.

ಪತ್ರಿಕೆಯ ಲೆಕ್ಕ

ಸಲಹೆ ಕೊಡುವ ಮೊದಲು ಉತ್ತರಪತ್ರಿಕೆಯನ್ನು ಬಿಡಿಸಿ ನೋಡಬೇಕು. ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಎರಡು ಪತ್ರಿಕೆ. ಒಂದೊಂದರಲ್ಲೂ 100 ಪ್ರಶ್ನೆ, 200 ಅಂಕ, ಎರಡು ಗಂಟೆ. ಮೊದಲನೆಯದರಲ್ಲಿ ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಮಹತ್ವದ ವಿಷಯಗಳಿಗೆ 40 ಪ್ರಶ್ನೆ, ಎರಡನೆಯದರಲ್ಲಿ ರಾಜ್ಯಕ್ಕೆ ಸಂಬಂಧಿಸಿದ ವಿಷಯಗಳಿಗೆ 40. ಪ್ರಚಲಿತ ಬರುವುದು ಹೆಚ್ಚಾಗಿ ಈ 80ರೊಳಗೆ. ಈಕೆ ತಂದ ಒಂದು ಅಣಕು ಪರೀಕ್ಷೆಯಲ್ಲಿ 80ರಲ್ಲಿ 31 ಸರಿ, 21 ತಪ್ಪು, 28 ಖಾಲಿ.

ತಪ್ಪಾದ 21ನ್ನು ಒಂದೊಂದಾಗಿ ಕೇಳುತ್ತ ಹೋದೆವು. ಓದಿಯೇ ಇರಲಿಲ್ಲ ಎನ್ನುವಂಥವು ನಾಲ್ಕು. ಓದಿದ್ದರೂ ಜಿಲ್ಲೆ, ಇಲಾಖೆ, ಮೊತ್ತ, ವರ್ಷ ಅದಲುಬದಲಾದವು ಹನ್ನೊಂದು. ಹಳೆಯ ಮಾಹಿತಿ ಮನಸ್ಸಿನಲ್ಲಿ ಕೂತು ತಪ್ಪಾದವು ಮೂರು. 'ಸರಿಯಲ್ಲದ ಹೇಳಿಕೆ ಯಾವುದು' ಎಂದು ಕೇಳಿದ್ದನ್ನು ಸರಿಯಾದದ್ದು ಎಂದು ಓದಿಕೊಂಡವು ಮೂರು. ಖಾಲಿ ಬಿಟ್ಟ 28ರಲ್ಲಿ ಏನೂ ಗೊತ್ತಿರದವು ಒಂಬತ್ತೇ. ಹದಿನಾಲ್ಕರಲ್ಲಿ ಎರಡು ಆಯ್ಕೆಗಳನ್ನು ಹೊಡೆದುಹಾಕಿ, ಉಳಿದೆರಡರ ನಡುವೆ ನಿಂತು, ಬಿಟ್ಟುಬಿಟ್ಟಿದ್ದರು. ಐದರಲ್ಲಿ ಒಂದು ಆಯ್ಕೆ ಹೋಗಿತ್ತು.

ಅಂದರೆ 80ರಲ್ಲಿ ಓದಿಲ್ಲದ ಕಾರಣಕ್ಕೆ ಹೋದದ್ದು ಹದಿಮೂರು ಮಾತ್ರ. ಇಂಥವರಿಗೆ ಇನ್ನೊಂದು ಪಿಡಿಎಫ್ ಕೊಡುವುದು ಅಜೀರ್ಣವಾದವರಿಗೆ ಮತ್ತೊಂದು ತಟ್ಟೆ ಬಡಿಸಿದ ಹಾಗೆ.

ಖಾಲಿ ಬಿಡುವುದರ ಬೆಲೆ

ಕೈ ನಡುಗುವುದಕ್ಕೆ ಒಂದು ಕಾರಣ ಲೆಕ್ಕದಲ್ಲೇ ಸಿಕ್ಕಿತು. 'ಖಚಿತವಿಲ್ಲದಿದ್ದರೆ ಮುಟ್ಟಬೇಡಿ' ಎಂಬ ಪಾಠವನ್ನು ಈಕೆ ಯುಪಿಎಸ್‌ಸಿ ವಿಡಿಯೊಗಳಿಂದ ಕಲಿತಿದ್ದರು. ಕೇಂದ್ರದ ಯುಪಿಎಸ್‌ಸಿ ಪರೀಕ್ಷೆಯಲ್ಲಿ ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ, ಕೆಎಎಸ್ ನಡೆಸುವ ಕೆಪಿಎಸ್‌ಸಿಯಲ್ಲಿ ನಾಲ್ಕನೇ ಒಂದು. ಎರಡಂಕದ ಪ್ರಶ್ನೆಗೆ ಅರ್ಧ ಅಂಕ. ಉಳಿದ ಎರಡು ಆಯ್ಕೆಯಲ್ಲಿ ಒಂದನ್ನು ತುಂಬಿದರೆ ಸರಾಸರಿ ಮುಕ್ಕಾಲು ಅಂಕ ಲಾಭ. ಮೂರು ಉಳಿದಿದ್ದರೂ ಮೂರನೇ ಒಂದು ಅಂಕ. ಆ ಹದಿನಾಲ್ಕು ಮತ್ತು ಐದು ಪ್ರಶ್ನೆಗಳನ್ನು ಬಿಟ್ಟದ್ದರಿಂದ ಸುಮಾರು ಹನ್ನೆರಡು ಅಂಕ ಕೈಬಿಟ್ಟ ಹಾಗಾಯಿತು. (ಪ್ರತಿ ಅಧಿಸೂಚನೆಯಲ್ಲೂ ಋಣಾತ್ಮಕ ಅಂಕದ ಸಾಲನ್ನು ಓದಿಕೊಳ್ಳಿ. ಬೇರೆ ಹುದ್ದೆಗಳ ಪರೀಕ್ಷೆಗೆ ಇದೇ ನಿಯಮ ಇರಬೇಕೆಂದಿಲ್ಲ.)

ಇದರಲ್ಲೊಂದು ಎಡವಟ್ಟಿದೆ. ಹೊಡೆದುಹಾಕಿದ ಎರಡು ನಿಜವಾಗಿಯೂ ತಪ್ಪಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಅರೆಬರೆ ನೆನಪಿನಿಂದ ಸರಿಯುತ್ತರವನ್ನೇ ಹೊಡೆದುಹಾಕುವವರೂ ಇದ್ದಾರೆ. ಅದಕ್ಕೇ ಮುಂದಿನ ಐದು ಟೆಸ್ಟ್‌ಗಳಲ್ಲಿ ಅಂಥ ಪ್ರಶ್ನೆಯ ಪಕ್ಕ ಒಂದು ಸಣ್ಣ ಅಡ್ಡಗೀಟು ಹಾಕಿ, ಉತ್ತರ ತುಂಬಿ, ಕೀ ಆನ್ಸರ್ ಬಂದ ಮೇಲೆ ಗೀಟಿನ ಪ್ರಶ್ನೆಗಳನ್ನಷ್ಟೇ ಎಣಿಸಲು ಹೇಳಿದೆವು. ಅರ್ಧಕ್ಕಿಂತ ಹೆಚ್ಚು ಸರಿ ಬಂದರೆ ತುಂಬುವುದು, ಕಾಲುಭಾಗಕ್ಕೂ ಕಡಿಮೆ ಬಂದರೆ ಹೊಡೆದುಹಾಕುವ ರೀತಿಯನ್ನೇ ತಿದ್ದಿಕೊಳ್ಳುವುದು.

ಓದು ಇಳಿಸಿದ್ದು

ಒಂದು ದಿನಪತ್ರಿಕೆ, ಒಂದು ಮಾಸಪತ್ರಿಕೆ. ರಾಜ್ಯದ ಯೋಜನೆಗಳಿಗೆ ಮುಖ್ಯಮಂತ್ರಿಯ ಬಜೆಟ್ ಭಾಷಣ ಮತ್ತು ಕರ್ನಾಟಕ ಆರ್ಥಿಕ ಸಮೀಕ್ಷೆ. ಎರಡೂ ಕನ್ನಡದಲ್ಲೇ ಸಿಗುತ್ತವೆ, ಕಾಸು ಕೊಡಬೇಕಿಲ್ಲ. ಕೇಂದ್ರದ ಯೋಜನೆಗೆ ಪಿಐಬಿ, ಅಂದರೆ ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆಗಳು. ಇಷ್ಟೇ. "ಏನರ ಮಿಸ್ ಆದ್ರ ಮೇಡಂ?" ಎಂದು ಈಕೆ ಹಟ ಹಿಡಿದರು. ಮೂರು ಚಾನೆಲ್‌ನಿಂದ ಹೊರಬಂದು, ಒಂದನ್ನು ಮ್ಯೂಟ್ ಮಾಡಿ ಭಾನುವಾರ ಅರ್ಧ ಗಂಟೆ ನೋಡುವುದು ಎಂಬಲ್ಲಿಗೆ ರಾಜಿಯಾಯಿತು. ಪೂರ್ತಿ ಬಿಡಿಸಬಹುದಿತ್ತು, ಆದರೆ ಆತಂಕವಿರುವವರಿಂದ ಆಸರೆಯನ್ನು ಒಮ್ಮೆಲೇ ಕಿತ್ತುಕೊಂಡರೆ ಕದ್ದು ನೋಡುತ್ತಾರೆ.

ದಿನಪತ್ರಿಕೆಗೆ ಐವತ್ತು ನಿಮಿಷ. ಯಾವುದನ್ನು ಓದುವುದು, ಯಾವುದನ್ನು ದಾಟುವುದು ಎಂಬುದಕ್ಕೆ ಶೀರ್ಷಿಕೆಯ ಕ್ರಿಯಾಪದ ನೋಡಿದರೆ ಸಾಕು. ಹೇಳಿದರು, ಆರೋಪಿಸಿದರು, ಆಗ್ರಹಿಸಿದರು, ಕಿಡಿಕಾರಿದರು ಎಂದಿದ್ದರೆ ಪುಟ ತಿರುವಿ. ಅಂಗೀಕಾರ, ಜಾರಿ, ನೇಮಕ, ತೀರ್ಪು, ಸೇರ್ಪಡೆ, ಮರುನಾಮಕರಣ ಎಂದಿದ್ದರೆ ನಿಲ್ಲಿ. ಪ್ರಶ್ನೆ ಹುಟ್ಟುವುದು ಆದದ್ದರಿಂದ. ಅಂದದ್ದರಿಂದ ತೀರ ಅಪರೂಪ.

ಟಿಪ್ಪಣಿಯನ್ನು ಅಂದಂದೇ ಬರೆಯುವುದನ್ನು ನಿಲ್ಲಿಸಿದೆವು. ಓದುವಾಗ ಪೆನ್ಸಿಲ್ ಗುರುತು ಮಾತ್ರ; ಬರೆಯುವುದು ಭಾನುವಾರ. ಸೋಮವಾರ ದೊಡ್ಡದಾಗಿ ಕಂಡ ಸುದ್ದಿಯಲ್ಲಿ ಅರ್ಧದಷ್ಟು ಭಾನುವಾರದ ಹೊತ್ತಿಗೆ ತಾನಾಗಿ ಉದುರಿರುತ್ತದೆ. ಉಳಿದದ್ದಕ್ಕೆ ಅಂಚೆ ಕಾರ್ಡಿನಷ್ಟು ಜಾಗ: ಏನಾಯಿತು, ಯಾರ ಅಡಿಯಲ್ಲಿ, ಎಲ್ಲಿ, ಎಷ್ಟು, ಪಠ್ಯದ ಯಾವ ಭಾಗಕ್ಕೆ ಅಂಟುತ್ತದೆ.

ಈಕೆಯ ನೋಟ್‌ಬುಕ್‌ನಲ್ಲಿ ರಾಮ್ಸಾರ್ ತಾಣಗಳ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳು) ಬಗ್ಗೆ ಎರಡು ಪುಟ ಇತ್ತು, ಪತ್ರಿಕೆಯ ವರದಿಯನ್ನೇ ಇಳಿಸಿದ್ದು. ಎದುರಿಗೆ ಕೂರಿಸಿಕೊಂಡು ಅದನ್ನು ಒಂದು ಕಾರ್ಡಿಗೆ ಇಳಿಸಿದೆವು. 2022ರಲ್ಲಿ ರಂಗನತಿಟ್ಟು, ಮಂಡ್ಯ ಜಿಲ್ಲೆ, ರಾಜ್ಯದ ಮೊದಲನೆಯದು. 2024ರ ಜನವರಿ ಕೊನೆಯಲ್ಲಿ ಮತ್ತೆ ಮೂರು: ಅಂಕಸಮುದ್ರ, ವಿಜಯನಗರ ಜಿಲ್ಲೆ, ಅಘನಾಶಿನಿ ಅಳಿವೆ, ಉತ್ತರ ಕನ್ನಡ, ಮಾಗಡಿ ಕೆರೆ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕು. ಒಪ್ಪಂದ 1971, ಇರಾನಿನ ರಾಮ್ಸಾರ್. ಫೆಬ್ರುವರಿ 2 ಜೌಗುಭೂಮಿ ದಿನ. ದೇಶದ ಒಟ್ಟು ಸಂಖ್ಯೆ ಪೆನ್ಸಿಲ್‌ನಲ್ಲಿ, ಪಕ್ಕದಲ್ಲಿ ತಿಂಗಳು: ಆಗ 80, ಆಮೇಲೆ ಏರುತ್ತಲೇ ಇದೆ. ಟೆಸ್ಟ್‌ನಲ್ಲಿ ಈಕೆ ಮಾಗಡಿ ಕೆರೆಯನ್ನು ಬೆಂಗಳೂರಿನ ಪಕ್ಕದ ಮಾಗಡಿ ಎಂದುಕೊಂಡು ರಾಮನಗರಕ್ಕೆ ಹೊಂದಿಸಿದ್ದರು. ಮಾಗಡಿ ರಸ್ತೆಯ ಬಸ್ಸನ್ನು ದಿನವೂ ನೋಡುವವರಿಗೆ ಇದು ಸಹಜ. 'ಹೊಂದಿಸಿ ಬರೆಯಿರಿ' ಪ್ರಶ್ನೆ ತಯಾರಿಸುವವರು ಹುಡುಕುವುದೂ ಇಂಥ ಹೆಸರುಗಳನ್ನೇ. ಆದ್ದರಿಂದ ಕಾರ್ಡಿನ ಕೊನೆಯ ಸಾಲು ಯಾವಾಗಲೂ 'ಯಾವುದರ ಜೊತೆ ಗೊಂದಲ' ಎಂದಿರಲಿ.

ಅದಲುಬದಲಾಗುವುದೇಕೆ

ಹನ್ನೊಂದು ತಪ್ಪುಗಳಲ್ಲಿ ನಾಲ್ಕು ಗ್ಯಾರಂಟಿ ಯೋಜನೆಗಳದ್ದೇ. ಐದನ್ನೂ ಒಂದೇ ದಿನ, ಒಂದೇ ಕೋಷ್ಟಕದಲ್ಲಿ, ಮೇಲಿಂದ ಕೆಳಗೆ ಓದಿದ್ದರು. ಹಾಗೆ ಓದಿದಾಗ ಒಂದೇ ಥರದ ವಿವರಗಳು ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ. ಕಣ್ಣಿಗೆ ಪರಿಚಿತ ಎನಿಸುತ್ತದೆ, ಕೇಳಿದರೆ ಬರುವುದಿಲ್ಲ. ಈಕೆ ಯುವನಿಧಿಗೆ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ತುಂಬಿದ್ದರು. ಯುವನಿಧಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ.

ಪರಿಹಾರ ಖಾಲಿ ಕೋಷ್ಟಕ. ಯೋಜನೆಯ ಹೆಸರಷ್ಟೇ ಬರೆದು ಉಳಿದ ಮನೆಗಳನ್ನು ನೆನಪಿನಿಂದ ತುಂಬುವುದು, ಆಮೇಲೆ ಕಾರ್ಡಿನ ಜೊತೆ ತಾಳೆ ನೋಡಿ ತಪ್ಪಿದ ಮನೆಗೆ ಮಾತ್ರ ಕೆಂಪು ಶಾಯಿ. ಶಕ್ತಿ ಆರಂಭವಾದದ್ದು ಬೆಂಗಳೂರಿನಲ್ಲಿ 2023ರ ಜೂನ್ 11. ಗೃಹಜ್ಯೋತಿ ಕಲಬುರಗಿ, ಆಗಸ್ಟ್ 5. ಗೃಹಲಕ್ಷ್ಮಿ ಮೈಸೂರು, ಆಗಸ್ಟ್ 30. ಯುವನಿಧಿ ಶಿವಮೊಗ್ಗ, 2024ರ ಜನವರಿ 12. ಊರು ಮತ್ತು ತಾರೀಖನ್ನು ಕೂಡಿಸಿ ಹೇಳಿಕೊಂಡರೆ ಒಂದು ಇನ್ನೊಂದನ್ನು ಎಳೆದು ತರುತ್ತದೆ. ಗೃಹಜ್ಯೋತಿಯಲ್ಲಿ 'ಎಲ್ಲರಿಗೂ 200 ಯೂನಿಟ್' ಎಂಬ ಹೇಳಿಕೆ ತಪ್ಪು. ಯೋಜನೆ ಶುರುವಾದಾಗ ಇದ್ದ ನಿಯಮ, 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದಷ್ಟು ಉಚಿತ ಎಂದು. 200 ಎನ್ನುವುದು ಮೇಲ್ಮಿತಿ.

ಪ್ರತಿ ಬೆಳಿಗ್ಗೆ ಹೊಸದನ್ನು ಮುಟ್ಟುವ ಮೊದಲು ಹದಿನೈದು ನಿಮಿಷ ಬಿಳಿ ಹಾಳೆಯಲ್ಲಿ ಹಿಂದಿನದನ್ನು ಬರೆಯಬೇಕು. ಮೊದಲ ವಾರ ಹಾಳೆ ಬಹುತೇಕ ಖಾಲಿ ಉಳಿಯುತ್ತದೆ, ಅಳು ಬರುತ್ತದೆ ಎಂದು ಮುಂಚೆಯೇ ಹೇಳಿಟ್ಟೆವು. ಹೇಳದಿದ್ದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ.

ಹಳೆಯದಾದ ಮಾಹಿತಿಯ ಸಮಸ್ಯೆ ಬೇರೆ ತರಹದ್ದು. ಅಂಕಸಮುದ್ರವನ್ನು ಹಳೆಯ ಪುಸ್ತಕಗಳು ಬಳ್ಳಾರಿ ಜಿಲ್ಲೆ ಎನ್ನುತ್ತವೆ. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ರಾಮನಗರ ಜಿಲ್ಲೆ 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರಪಾಲಿಕೆಗಳು ಬಂದವು. ಅವುಗಳಲ್ಲೊಂದು ಬೆಂಗಳೂರು ದಕ್ಷಿಣ ನಗರಪಾಲಿಕೆ. ಆ ಜಿಲ್ಲೆಯೇ ಬೇರೆ, ಈ ಪಾಲಿಕೆಯೇ ಬೇರೆ. ಇಂಥ ಸುದ್ದಿಯನ್ನು ಒಂಟಿಯಾಗಿ ಇಟ್ಟುಕೊಳ್ಳಬಾರದು. ನಗರಾಡಳಿತದ ಬಗೆಗಿನ ಸಂವಿಧಾನದ 74ನೇ ತಿದ್ದುಪಡಿ, 12ನೇ ಅನುಸೂಚಿಯ 18 ವಿಷಯಗಳು, ಮಹಾನಗರ ಯೋಜನಾ ಸಮಿತಿಯ 243ಝಡ್‌ಇ ವಿಧಿ, ಇಷ್ಟನ್ನೂ ಅದೇ ಕಾರ್ಡಿನ ಹಿಂಬದಿಗೆ ಬರೆಸಿದೆವು. ಹೆಸರು ಬದಲಾದಾಗ ಹೊಸ ಕಾರ್ಡ್ ಬೇಡ, ಹಳೆಯದರ ಮೇಲೆ ಗೀಟು ಎಳೆದು ಪಕ್ಕದಲ್ಲಿ ಬರೆಯಬೇಕು. ಗೀಟು ಕಂಡರೆ ಬದಲಾದದ್ದೂ ನೆನಪಿರುತ್ತದೆ.

ಎಷ್ಟು ತಿಂಗಳ ಸುದ್ದಿ? ಪರೀಕ್ಷೆಗೆ ಹಿಂದಿನ ಹನ್ನೆರಡು ತಿಂಗಳು ಗಟ್ಟಿಯಾಗಿ, ಅದರ ಹಿಂದಿನ ಆರು ತಿಂಗಳು ಕಾರ್ಡಿನಷ್ಟು. ಪ್ರಶ್ನೆಪತ್ರಿಕೆ ಸಿದ್ಧವಾಗಿ ಅಚ್ಚಾಗಬೇಕಲ್ಲ, ಹಾಗಾಗಿ ಕೊನೆಯ ಎರಡು ವಾರದ ಸುದ್ದಿಗೆ ತಲೆಬರಹ ಸಾಕು. ಪರೀಕ್ಷೆ ಮುಂದೂಡಿದರೆ ಮೊದಲಿನಿಂದ ಶುರು ಮಾಡಬಾರದು. ಹೊಸ ತಿಂಗಳ ಕಾರ್ಡುಗಳನ್ನಷ್ಟೇ ಸೇರಿಸುವುದು. ಈಕೆ ಪ್ರತಿ ಮುಂದೂಡಿಕೆಗೂ ಹೊಸ ನೋಟ್‌ಬುಕ್ ತೆಗೆದದ್ದರಿಂದಲೇ ಹನ್ನೊಂದಾಗಿದ್ದವು. ಸುದ್ದಿ ಓದು ಇಳಿಸಿ ಉಳಿದ ಸಮಯದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಎರಡನೇ ಪತ್ರಿಕೆಯ ಮಾನಸಿಕ ಸಾಮರ್ಥ್ಯಕ್ಕೆ ಕೊಟ್ಟೆವು. 30 ಪ್ರಶ್ನೆ, 60 ಅಂಕ, ಹತ್ತನೇ ತರಗತಿ ಮಟ್ಟ. ಇದನ್ನು ಯಾವ ಸುದ್ದಿಯೂ ಹಳತಾಗಿಸುವುದಿಲ್ಲ, ಆದರೂ ಪಿಜಿಗಳಲ್ಲಿ ಇದರ ಮಾತೇ ಇರುವುದಿಲ್ಲ.

ನಿದ್ದೆ, ನಡುಕ, ಮನೆ

ಮೊಬೈಲ್ ರಾತ್ರಿ ಹತ್ತೂವರೆಗೆ ರೂಮ್‌ಮೇಟ್ ಕೈಗೆ. ಟೆಸ್ಟ್ ಬರೆಯುವುದು ಪರೀಕ್ಷೆಯ ಹೊತ್ತಿನಲ್ಲೇ, ಬೆಳಿಗ್ಗೆ 10ರಿಂದ 12, ಮಧ್ಯಾಹ್ನ 2ರಿಂದ 4. ನಡುಕ ಬರುವುದಾದರೆ ಅಲ್ಲೇ ಬಂದು ಅಭ್ಯಾಸವಾಗಲಿ. ನಡುಕ ಶುರುವಾದರೆ ಪೆನ್ನು ಕೆಳಗಿಟ್ಟು, ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ ಐದಾರು ಸಲ ಬಿಡುವುದು. ಗೊತ್ತಿರುವುದೆಲ್ಲ ಮೊದಲ ಸುತ್ತಿಗೆ, ಗೀಟಿನವು ಎರಡನೆಯದಕ್ಕೆ, ಕೊನೆಯ ಹತ್ತು ನಿಮಿಷ ಒಎಂಆರ್ ತಾಳೆಗೆ. 'ಸರಿಯಲ್ಲದ', 'ಹೊರತುಪಡಿಸಿ' ಕಂಡ ಕೂಡಲೇ ಸುತ್ತು ಹಾಕುವುದು. ಕನ್ನಡ ವಾಕ್ಯ ಅರ್ಥವಾಗದಿದ್ದರೆ ಇಂಗ್ಲಿಷ್ ರೂಪವನ್ನೂ ಓದುವುದು. 2024ರ ಆಗಸ್ಟ್ 27ರ ಪ್ರಿಲಿಮ್ಸ್ ಅನುವಾದದ ದೋಷಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆದದ್ದು ಎಲ್ಲರಿಗೂ ಗೊತ್ತಿದೆ.

ತಂದೆಯವರೊಂದಿಗೆ ಸ್ಪೀಕರ್‌ನಲ್ಲಿ ಒಮ್ಮೆ ಮಾತಾಡಿದೆವು. "ಯಾವಾಗ ಮುಗೀತದವಾ ಇದು?" ಎಂದು ಅವರು ಕೇಳುತ್ತಿದ್ದುದು ಪರೀಕ್ಷೆಯ ದಿನಾಂಕವನ್ನು, ಮಗಳಿಗೆ ಕೇಳಿಸುತ್ತಿದ್ದುದು ಮದುವೆಯ ಮಾತು. ಭಾನುವಾರ ಸಂಜೆ ಒಂದೇ ಫೋನು, ಅದರಲ್ಲಿ ಅಂಕದ ಸುದ್ದಿ ಇಲ್ಲ ಎಂದು ಇಬ್ಬರೂ ಒಪ್ಪಿದರು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ, ಅಥವಾ ಬದುಕುವುದೇ ಬೇಡ ಎನ್ನುವ ಯೋಚನೆ ಬಂದರೆ ಕಾಯದೆ ವೈದ್ಯರನ್ನು ಕಾಣಬೇಕು, ನಡುರಾತ್ರಿಯಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು ಎಂದು ಬರೆದುಕೊಟ್ಟೆವು.

ಎರಡು ತಿಂಗಳ ನಂತರದ ಟೆಸ್ಟ್‌ನಲ್ಲಿ ಅದೇ 80ಕ್ಕೆ 43 ಸರಿ, 26 ತಪ್ಪು, 11 ಖಾಲಿ. ತಪ್ಪು ಹೆಚ್ಚಾಗಿದೆ ಎಂದು ಈಕೆ ಗಾಬರಿಯಾದರು, ಅಂಕ 51.5ರಿಂದ 73ಕ್ಕೆ ಏರಿದ್ದನ್ನು ಕೂಡಿಸಿ ತೋರಿಸಬೇಕಾಯಿತು. ಗೀಟಿನ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸರಿ ಬರುತ್ತಿವೆ. ನಿದ್ದೆ ಆರು ಗಂಟೆಗೆ ಬಂದಿದೆ. ಪ್ರಶಸ್ತಿ, ಕ್ರೀಡೆಯ ಪ್ರಶ್ನೆಗಳು ಈಗಲೂ ಕೈಕೊಡುತ್ತಿವೆ: 2025ರ ಅಂತರರಾಷ್ಟ್ರೀಯ ಬೂಕರ್ ಎಂದರೆ ಬಾನು ಮುಷ್ತಾಕ್ ನೆನಪಾಗುತ್ತಾರೆ, ಬಹುಮಾನದಲ್ಲಿ ಸಮಪಾಲು ಪಡೆದ ಅನುವಾದಕಿ ದೀಪಾ ಭಾಸ್ತಿ ನೆನಪಾಗುವುದಿಲ್ಲ. ಮುಂದಿನ ಭೇಟಿಗೆ ಪ್ರಶಸ್ತಿಗಳ ಕಾರ್ಡುಗಳನ್ನೂ, ರಾಜ್ಯ ಬಜೆಟ್ ಭಾಷಣದ ಮೇಲೆ ಇಲಾಖೆವಾರು ಒಂದೊಂದೇ ಕಾರ್ಡನ್ನೂ ತರಲು ಹೇಳಿದೆ.