ಎರಡು ಫೋಟೋ ಕಳಿಸಿದ ಮಾಸ್ತರರಿಗೆ

ಮುಧೋಳದ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳಿಗೆ 21 ವರ್ಷ, ಬಾಗಲಕೋಟೆಯಲ್ಲಿ ಓದುತ್ತಾಳೆ. ದಿನಕ್ಕೆ ಹತ್ತಾರು ಸೆಲ್ಫಿ ತೆಗೆದು, ಆಮೇಲೆ ಮುಖ ಗಂಟು ಹಾಕಿಕೊಂಡು ಕೂರುತ್ತಾಳಂತೆ. ‘ಇದು ಸೆಲ್ಫೈಟಿಸ್ ಎಂಬ ರೋಗ ಅಂತ ಅಮೆರಿಕದ ಡಾಕ್ಟರುಗಳೇ ಹೇಳಿದ್ದಾರೆ. ಫೋನ್ ಕಸಿದುಕೊಳ್ಳಲೇ?’ ಎಂದು ಕೇಳಿದ್ದಾರೆ.

ಬೇಡ ಮಾಸ್ತರರೇ. ಆ ಸುದ್ದಿ 2014ರದು, ಯಾರೋ ತಮಾಷೆಗೆ ಹುಟ್ಟಿಸಿದ್ದು. ಅಮೆರಿಕದ ಮನೋವೈದ್ಯರ ಸಂಘ ಹಾಗೆ ಹೇಳೇ ಇಲ್ಲ. ಮಜಾ ಏನಂದರೆ, 2017ರಲ್ಲಿ ಮದುರೈ ಮತ್ತು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಇಬ್ಬರು ಸಂಶೋಧಕರು ಅದೇ ಸುಳ್ಳಿನ ಜಾಡು ಹಿಡಿದು, ನಮ್ಮ ದೇಶದ 400 ವಿದ್ಯಾರ್ಥಿಗಳನ್ನು ಕೇಳಿ, ಸೆಲ್ಫಿ ಚಟ ಅಳೆಯಲು ಒಂದು ಅಳತೆಗೋಲನ್ನೇ ಮಾಡಿದರು. ಅಳತೆಗೋಲು ಬಂತೆಂದು ರೋಗ ಬರುವುದಿಲ್ಲ.

ನಿಮ್ಮ ಭಯ ಸುಳ್ಳಲ್ಲ, ಒಪ್ಪುತ್ತೇನೆ. 2011ರಿಂದ 2017ರೊಳಗೆ ಜಗತ್ತಿನಲ್ಲಿ ಸೆಲ್ಫಿ ತೆಗೆಯಲು ಹೋಗಿ ಸತ್ತವರು 259 ಜನ, ಅರ್ಧಕ್ಕಿಂತ ಜಾಸ್ತಿ ನಮ್ಮವರೇ. ಗೋಕಾಕ ಫಾಲ್ಸ್‌ನ ಬಂಡೆ ಅಂಚಿಗೆ ಹೋಗಬೇಡ ಅಂತ ಖಂಡಿತ ಹೇಳಿ. ವಾರಗಟ್ಟಲೆ ಊಟ, ನಿದ್ದೆ ಬಿಟ್ಟರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಆದರೆ ಮುಖ ಗಂಟು ಹಾಕಿಕೊಳ್ಳುವುದು ಯಾಕೆ? ಹೋದ ವರ್ಷ ಬಾದಾಮಿಯ ಮೂರನೇ ಗುಹೆಯ ಪಡಸಾಲೆಯಲ್ಲಿ ಕೂತಿದ್ದೆ. 578ರಲ್ಲಿ ಮಂಗಲೇಶ ಮಾಡಿಸಿದ ಗುಹೆ. ಹಾವಿನ ಸುರುಳಿ ಮೇಲೆ ಆರಾಮಾಗಿ ಕೂತ ವಿಷ್ಣುವಿಗೆ ಬೆನ್ನು ಹಾಕಿ ಒಬ್ಬ ಹುಡುಗಿ ಸೆಲ್ಫಿ ತೆಗೆಯುತ್ತಿದ್ದಳು. ತೆಗೆಯುವಳು, ಎರಡು ಬೆರಳಲ್ಲಿ ಮೂಗನ್ನು ದೊಡ್ಡದು ಮಾಡಿ ನೋಡುವಳು, ಅಳಿಸುವಳು. ಹನ್ನೊಂದರವರೆಗೆ ಎಣಿಸಿದೆ. ‘ಕೊಡವ್ವಾ, ನಾ ತಗೀತೀನಿ’ ಅಂದೆ. ‘ಬ್ಯಾಡ್ರಿ ಅಂಕಲ್’ ಅಂತ ಫೋನನ್ನು ಎದೆಗವಚಿಕೊಂಡಳು. ತಪ್ಪು ನನ್ನದೇ ಬಿಡಿ.

ಅವಳ ಮೂಗಿನದಂತೂ ತಪ್ಪಿರಲಿಲ್ಲ. ಒಂದಡಿ ದೂರದಿಂದ ತೆಗೆದರೆ ಮೂಗು ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ, ಐದಡಿ ಹಿಂದೆ ಸರಿದರೆ ಸರಿಹೋಗುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಅದೇ ವರ್ಷ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದವರು 110 ಹುಡುಗಿಯರನ್ನು ಪರೀಕ್ಷಿಸಿದರು. ಸೆಲ್ಫಿ ತೆಗೆದು ಜಾಲತಾಣಕ್ಕೆ ಹಾಕಿದವರ ಕಳವಳ ಹೆಚ್ಚಿತು, ತಾವು ಚೆಂದ ಇದ್ದೇವೆ ಅನ್ನುವ ಧೈರ್ಯ ಇಳಿಯಿತು. ತಿದ್ದಿ ತೀಡಿ ಹಾಕಿದರೂ ಅಷ್ಟೇ.

ಆ ಐದಡಿಯಲ್ಲಿ ಮೊದಲು ಒಬ್ಬ ಮನುಷ್ಯ ನಿಂತಿರುತ್ತಿದ್ದ ಅನ್ನುವುದೇ ನನ್ನ ಹಳೇ ವಾದ. ವಿಜಯಪುರದ ಸ್ಟುಡಿಯೋದಲ್ಲಿ ನನ್ನ ಮೊದಲ ಫೋಟೋ ತೆಗೆಸಿದಾಗ ಫೋಟೋಗ್ರಾಫರ್ ನನ್ನ ಗದ್ದ ಹಿಡಿದು ತಿರುಗಿಸಿ, ‘ಉಸಿರು ಹಿಡಿ’ ಅಂದಿದ್ದ. ಫೋಟೋದಲ್ಲಿ ಎಡಗಣ್ಣು ಮುಚ್ಚಿಹೋಗಿತ್ತು. ಅವ್ವ ಅದನ್ನೇ ಫ್ರೇಮ್ ಹಾಕಿಸಿ ನಲವತ್ತು ವರ್ಷ ಗೋಡೆಗೆ ತೂಗುಹಾಕಿದಳು. ಒಂದು ದಿನವೂ ಯಾರೂ ಕಣ್ಣಿನ ಮಾತೆತ್ತಲಿಲ್ಲ. ನಿಮ್ಮ ಮಗಳ ಫೋಟೋ ನೀವು ಕೊನೆಗೆ ತೆಗೆದದ್ದು ಯಾವಾಗ, ನೆನಪಿದೆಯಾ?

ನಮ್ಮ ಊರುಗಳಲ್ಲಿ ಹುಡುಗರಿಗೆ ಚಹಾದಂಗಡಿ ಕಟ್ಟೆಯಾದರೂ ಇದೆ. ಹುಡುಗಿಯರು ಗೆಳತಿಯರ ಜೊತೆ ಸಂಜೆ ಎಲ್ಲಿ ಕೂರಬೇಕು? ರೂಮಿನಲ್ಲಿ ಫೋನ್ ಹಿಡಿದೇ ಕೂರಬೇಕು. ಅದಕ್ಕೂ ಬೈಗುಳ. ಬೈಯುವ ನಾವಾದರೂ ಎಂಥವರು? ಯಾವ ಸರ್ಕಲ್ಲಿಗೆ ಹೋದರೂ ಹುಟ್ಟುಹಬ್ಬದ ಫ್ಲೆಕ್ಸು. ಇಪ್ಪತ್ತಡಿ ಎತ್ತರ, ಕಪ್ಪು ಕನ್ನಡಕ, ಸುತ್ತಲೂ ಶುಭ ಕೋರುವ ಮೂವತ್ತು ಸಣ್ಣ ಮುಖ. ಬಸ್ಸಿನ ಬೋರ್ಡೂ ಕಾಣುವುದಿಲ್ಲ. ಅರವತ್ತರ ಆ ಮುಖಕ್ಕೆ ಕೆನ್ನೆಯ ಮೇಲೆ ಒಂದು ಗೆರೆಯಿಲ್ಲ. ಅವರ ಫೋನನ್ನು ಯಾರೂ ಕಸಿಯುವುದಿಲ್ಲ, ಅಲ್ವಾ?

ಈ ಅಂಕಣದ ಮೇಲಿರುವ ನನ್ನ ಫೋಟೋ ಹದಿನಾಲ್ಕು ವರ್ಷ ಹಳೆಯದು. ಬದಲಿಸಿ ಅಂತ ಆಫೀಸಿನ ಹುಡುಗರು ಹೇಳುತ್ತಲೇ ಇದ್ದಾರೆ, ನಾನು ಕೇಳಿಸಿಕೊಂಡಿಲ್ಲ.

ಅಂದಹಾಗೆ, ಪತ್ರದ ಜೊತೆ ನೀವು ಎರಡು ಪಾಸ್‌ಪೋರ್ಟ್ ಫೋಟೋ ಇಟ್ಟು, ‘ಚೆನ್ನಾಗಿರುವುದನ್ನು ಹಾಕಿ’ ಎಂದು ಚೀಟಿ ಅಂಟಿಸಿದ್ದೀರಿ. ಕೂದಲಿಗೆ ಬಣ್ಣ ಹಚ್ಚಿದ್ದನ್ನೇ ಹಾಕಿದ್ದೇವೆ.