ಉಸಿರಿನ ಟ್ಯೂಬ್ ಬೇಡ ಅಂದರೆ ಪಾಪವಾ?

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಎಪ್ಪತ್ತರ ಹತ್ತಿರದ ಕಥೋಲಿಕ ಹೆಣ್ಣುಮಗಳು, ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯುಗಳನ್ನು ಆಡಿಸುವ ನರಗಳೇ ಸಾಯುತ್ತಾ ಹೋಗುವ ರೋಗ. ಕೈಕಾಲು ಆಗಲೇ ಸೋತಿವೆ, ಈಗ ಉಸಿರಾಟವೂ ಸೋಲುತ್ತಿದೆ. ಅವರಿರುವ ದೇಶದಲ್ಲಿ ವೈದ್ಯರ ನೆರವಿನಿಂದ ಸಾಯಲು ಕಾನೂನು ಒಪ್ಪುತ್ತದೆ. ಅರ್ಜಿ ತುಂಬಿ ಆಗಿತ್ತು, ಸಹಿ ಬಾಕಿ. ಮಗ ನನ್ನನ್ನು ಕೇಳಿದ್ದು ಒಂದೇ: "ಅಮ್ಮ ಹೀಗೆ ಹೋದರೆ ಫಾದರ್ ಬಂದು ಅಭ್ಯಂಗ ಕೊಡ್ತಾರಾ?" ಅಭ್ಯಂಗ ಅಂದರೆ ಕಾಯಿಲೆಯವರಿಗೆ ಗುರುಗಳು ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ.

ಮೊದಲು ಅಮ್ಮನ ಹತ್ತಿರ ಮಾತಾಡಿದೆ. "ಯಾಕಮ್ಮ, ಯಾವುದಕ್ಕೆ ಭಯ?" ಅಂತ ನೇರವಾಗಿ ಕೇಳಿದೆ. ಸಾಯಬೇಕು ಅನ್ನುವವರನ್ನು ಎಲ್ಲರೂ ಸಮಾಧಾನ ಮಾಡುತ್ತಾರೆ, ಹೀಗೆ ಕೇಳುವವರು ಕಡಿಮೆ. ಕತ್ತಿಗೆ ತೂತು ಮಾಡಿ ವೆಂಟಿಲೇಟರ್ ಹಾಕ್ತಾರೆ, ಅದನ್ನು ಬೇಡ ಅಂದರೆ ಆತ್ಮಹತ್ಯೆ ಮಾಡಿಕೊಂಡ ಹಾಗೆ, ಹೇಗೂ ಪಾಪವೇ ಆಗೋದಾದರೆ ಬೇಗ ಹೋಗೋದೇ ವಾಸಿ ಅಂತ ಅವರು ಲೆಕ್ಕ ಹಾಕಿದ್ದರು. ಜೊತೆಗೆ, ಮಗನಿಗೆ ಭಾರ ಆಗ್ತಿದ್ದೀನಿ ಅನ್ನುವ ಸಂಕಟ.

ಆ ಲೆಕ್ಕವೇ ತಪ್ಪು. ಎಲ್ಲ ಚಿಕಿತ್ಸೆಯನ್ನೂ ಒಪ್ಪಲೇಬೇಕು ಅಂತ ಧರ್ಮಸಭೆ, ಅಂದರೆ ಕಥೋಲಿಕ ಚರ್ಚ್, ಹೇಳಿಲ್ಲ. 1957ರಲ್ಲೇ ಹನ್ನೆರಡನೇ ಪಿಯುಸ್ ಪೋಪ್ ವೈದ್ಯರಿಗೆ ಇದನ್ನು ಬಿಡಿಸಿ ಹೇಳಿದ್ದರು, 1980ರ ವ್ಯಾಟಿಕನ್ ಘೋಷಣೆಯಲ್ಲೂ ಇದೇ ಇದೆ: ಸಿಗುವ ಫಲಕ್ಕಿಂತ ಹಿಂಸೆಯೇ ಜಾಸ್ತಿ ಆಗುವ ಚಿಕಿತ್ಸೆಯನ್ನು ರೋಗಿ ಬೇಡ ಅನ್ನಬಹುದು. ಆಗ ಸಾವು ಬರುವುದು ಕಾಯಿಲೆಯಿಂದ. ಸಾಯಲೆಂದೇ ಔಷಧ ತೆಗೆದುಕೊಳ್ಳುವುದು ಬೇರೆ, ಅದನ್ನು ಧರ್ಮಸಭೆ ಯಾವತ್ತೂ ಒಪ್ಪಿಲ್ಲ. ಮಾರ್ಫಿನ್ ಬಗ್ಗೆಯೂ ಅಮ್ಮನಿಗೆ ಹೆದರಿಕೆ ಇತ್ತು. ಉಸಿರುಕಟ್ಟುವ ಸಂಕಟ ತಗ್ಗಿಸಲು ಅಳತೆಯಲ್ಲಿ ಕೊಡುವ ಮಾರ್ಫಿನ್ ಪಾಪವಲ್ಲ, ಕೊಲ್ಲುವುದು ಅದರ ಉದ್ದೇಶವಲ್ಲ ಅಲ್ವಾ? ಆಹಾರದ ಟ್ಯೂಬಿನ ವಿಷಯ ಮಾತ್ರ ಇಷ್ಟು ಸಲೀಸಲ್ಲ. ದೇಹ ಆಹಾರ ತೆಗೆದುಕೊಳ್ಳುವಷ್ಟು ದಿನ ಅದು ಸಾಮಾನ್ಯ ಆರೈಕೆ ಅನ್ನುತ್ತದೆ ಧರ್ಮಸಭೆ, ದೇಹಕ್ಕೆ ಒಗ್ಗದೆ ಹಿಂಸೆಯಾದರೆ ಮಾತು ಬೇರೆ. ಅದನ್ನು ಡಾಕ್ಟರ್ ಮತ್ತು ಗುರುಗಳನ್ನು ಒಟ್ಟಿಗೆ ಕೂರಿಸಿಕೊಂಡು ಕೇಳಿ ಎಂದೆ.

ಮಗನ ಪ್ರಶ್ನೆಗೂ ಮುಚ್ಚುಮರೆ ಮಾಡಲಿಲ್ಲ. 2020ರ ವ್ಯಾಟಿಕನ್ ಪತ್ರದ ಪ್ರಕಾರ, ಹೀಗೆ ಸಾಯುವ ನಿರ್ಧಾರ ಬಿಡದಿದ್ದರೆ ಗುರುಗಳು ಅಭ್ಯಂಗ ಕೊಡುವಂತಿಲ್ಲ. ಕೇಳಲು ಕಷ್ಟವಾದ ಮಾತು. ಆದರೆ ಅದಕ್ಕೆ ಮುಂಚೆ ಅವರು ಬಂದು ಕೂರಬಹುದು, ಪ್ರಾರ್ಥಿಸಬಹುದು, ಅಮ್ಮ ಮನಸ್ಸು ಬದಲಿಸಿದರೆ ಸಂಸ್ಕಾರ ಕೊಡಬಹುದು. "ಅಮ್ಮನಿಗೆ 'ನೀನು ಭಾರ ಅಲ್ಲ' ಅಂತ ಸುಮ್ನೆ ಹೇಳಿದರೆ ಸಾಲದು, ನಿನ್ನ ಕಣ್ಣಲ್ಲಿ ನಿದ್ದೆ ಇಲ್ಲದ್ದು ಅಮ್ಮನಿಗೆ ಕಾಣುತ್ತೆ. ರಾತ್ರಿ ನೋಡಿಕೊಳ್ಳಲು ಒಬ್ಬ ನರ್ಸ್ ಇಡು" ಎಂದೆ.

ಅಮ್ಮ ಸಹಿ ಮಾಡಲಿಲ್ಲ. ರಾತ್ರಿ ಉಸಿರಾಟಕ್ಕೆ ಮಾಸ್ಕ್ ಸಾಕು, ಕತ್ತಿಗೆ ಟ್ಯೂಬ್ ಬೇಡ ಅಂತ ಬರೆಸಿದ್ದಾರೆ, ನೋವು, ಸಂಕಟ ತಗ್ಗಿಸುವ ಆರೈಕೆ ಮಾಡುವ ಪ್ಯಾಲಿಯೇಟಿವ್ ತಂಡ ಮನೆಗೆ ಬರುತ್ತಿದೆ. ಮಾತು ನಿಂತ ಮೇಲೆ ತಮ್ಮ ಪರವಾಗಿ ನಿರ್ಧರಿಸುವ ಹಕ್ಕನ್ನು ಮಗಳಿಗೆ ಕೊಟ್ಟಿದ್ದಾರೆ. "ಸಾಕು" ಅನ್ನಲು ಮಗನಿಂದ ಆಗಲ್ಲ ಅಂತ ಅವರೇ ಹೇಳಿದರು.